ನೊಬೆಲ್ ಆದ ಮೇಲೆ ಖೊರಾನ ಕಣ್ಣಿನ ಪ್ರೋಟೀನಿಗೆ ಬಂದದ್ದೇಕೆ? ರೊಡಾಪ್ಸಿನ್ ಕೆಲಸದ ಒಳವಿವರ ಬೇಕು

ಗಂಗೋತ್ರಿ ಎಂಎಸ್ಸಿ:
ಎಲ್ಲರಿಗೂ ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಹರಗೋವಿಂದ ಖೊರಾನ ಅವರ ಬಗ್ಗೆ ಕನ್ನಡದಲ್ಲೇ 40 ನಿಮಿಷದ ಸೆಮಿನಾರ್ ಇದೆ. ಎಲ್ಲಿ ಓದಿದರೂ ಕಥೆ 1968ರ ನೊಬೆಲ್‌ಗೆ ಬಂದು ನಿಂತುಬಿಡುತ್ತದೆ. ಆಮೇಲೂ ದಶಕಗಟ್ಟಲೆ ಅವರ ಲ್ಯಾಬ್ ನಡೆಯಿತು, ಬಹುಪಾಲು ಬ್ಯಾಕ್ಟೀರಿಯೊರೊಡಾಪ್ಸಿನ್ (ಉಪ್ಪುನೀರಿನ ಸೂಕ್ಷ್ಮಜೀವಿಯ ನೇರಳೆ ಪ್ರೋಟೀನ್) ಮತ್ತು ರೊಡಾಪ್ಸಿನ್ (ಕಣ್ಣಿನಲ್ಲಿ ಬೆಳಕು ಹಿಡಿಯುವ ಪ್ರೋಟೀನ್) ಮೇಲೆಯೇ. ಜೆನೆಟಿಕ್ ಕೋಡ್ ಬಿಡಿಸಿದವರು ದೃಷ್ಟಿಯ ಕಡೆ ತಿರುಗಿದ್ದೇಕೆ? ಅಲ್ಲಿ ಕೈಯಾರೆ ಏನು ಮಾಡಿದರು? ಇದರಲ್ಲಿ ಯಾವುದಾದರೂ ಒಂದು ಭಾಗವನ್ನು ನಮ್ಮ ಮೈಸೂರಿನ ಕಾಲೇಜು ಲ್ಯಾಬಿನಲ್ಲಿ ಮಾಡಿ ತೋರಿಸಲು ಆಗುತ್ತದಾ? ಬಲ್ಲವರು ವಿವರವಾಗಿ ಬರೆಯಿರಿ.

ಸರಸ್ವತಿಪುರಂ ಲ್ಯಾಬ್:
ಜೀವನ ಚರಿತ್ರೆಗೆ ಎರಡು ಸ್ಲೈಡ್ ಸಾಕು. 1922ರಲ್ಲಿ ಅವಿಭಜಿತ ಪಂಜಾಬಿನ ರಾಯ್‌ಪುರ ಎಂಬ ಹಳ್ಳಿಯಲ್ಲಿ ಜನನ. ತಂದೆ ಪಟವಾರಿ, ನಮ್ಮ ಕಡೆ ಶಾನುಭೋಗರು ಇದ್ದ ಹಾಗೆ. ಲಾಹೋರಿನಲ್ಲಿ 1945ಕ್ಕೆ ಎಂಎಸ್ಸಿ, ಲಿವರ್‌ಪೂಲಿನಲ್ಲಿ 1948ಕ್ಕೆ ಪಿಎಚ್‌ಡಿ. ಜ್ಯೂರಿಕ್‌ನಲ್ಲಿ ಪ್ರೆಲಾಗ್, ಕೇಂಬ್ರಿಜ್‌ನಲ್ಲಿ ಟಾಡ್ ಅವರ ಬಳಿ ತರಬೇತಿ. 1952ಕ್ಕೆ ವ್ಯಾಂಕೂವರ್, 1960ಕ್ಕೆ ವಿಸ್ಕಾನ್ಸಿನ್, 1970ಕ್ಕೆ ಎಂಐಟಿ. 2011ರ ನವೆಂಬರ್ 9ರಂದು ತೀರಿಕೊಂಡರು.

ಇನ್ನು ನಿಮ್ಮ ಮೊದಲ ಪ್ರಶ್ನೆ. ಅವರು ಕಣ್ಣಿನ ಕಡೆ "ತಿರುಗಿದರು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಖೊರಾನ ಮೂಲತಃ ಸಾವಯವ ರಸಾಯನಶಾಸ್ತ್ರಜ್ಞರು. ಅವರ ದಾರಿ ಒಂದೇ: ಅಣುವನ್ನು ನಾವೇ ಕಟ್ಟಬೇಕು, ಕಟ್ಟಿದ್ದರಲ್ಲಿ ಒಂದೊಂದೇ ಭಾಗ ಬದಲಿಸಬೇಕು, ಏನು ಕೆಟ್ಟಿತು ಎಂದು ನೋಡಬೇಕು. ಕೋಡಾನ್ (ಒಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರಕ್ಷರ) ಕೆಲಸದಲ್ಲಿ ಯುಸಿಯುಸಿಯುಸಿ ಎಂದು ಸಾಗುವ ಆರ್‌ಎನ್‌ಎ ಬರುವಂತೆ ಮಾಡಿದರು, ಅದರಿಂದ ಸೆರಿನ್, ಲ್ಯೂಸಿನ್, ಸೆರಿನ್, ಲ್ಯೂಸಿನ್ ಎಂಬ ಸರಪಳಿ ಬಂತು. 64 ತ್ರಿವಳಿಗಳನ್ನೂ ಸಂಶ್ಲೇಷಿಸಿದರು. ಆಮೇಲೆ ಇಡೀ ಜೀನನ್ನೇ ಕಟ್ಟಿದರು: ಮೊದಲು ಯೀಸ್ಟಿನ ಅಲನಿನ್ ಟಿ-ಆರ್‌ಎನ್‌ಎ ಜೀನ್ (ಟಿ-ಆರ್‌ಎನ್‌ಎ ಅಂದರೆ ಅಮೈನೊ ಆಮ್ಲವನ್ನು ಹೊತ್ತು ತರುವ ಆರ್‌ಎನ್‌ಎ), 77 ಅಕ್ಷರ ಜೋಡಿ. 1976ರಲ್ಲಿ ಟೈರೊಸಿನ್ ಸಪ್ರೆಸರ್ ಟಿ-ಆರ್‌ಎನ್‌ಎ ಜೀನ್, 207 ಜೋಡಿ, ಅದು ಜೀವಕೋಶದ ಒಳಗೆ ಕೆಲಸವನ್ನೂ ಮಾಡಿತು. ಎರಡರ ನಡುವಿನ ಮುಖ್ಯ ವ್ಯತ್ಯಾಸ ಪ್ರಮೋಟರ್, ಅಂದರೆ ಕೋಶ ಜೀನನ್ನು ಓದಲು ಶುರುಮಾಡುವ ಜಾಗ. ಮೊದಲನೆಯದರಲ್ಲಿ ಅದು ಇರಲಿಲ್ಲ, ಎರಡನೆಯದರಲ್ಲಿ ಇತ್ತು.

ಜೀನ್ ಕಟ್ಟುವುದು ಕೈವಶವಾದ ಮೇಲೆ ಯಾವ ಪ್ರೋಟೀನಿಗೆ ಅದನ್ನು ಬಳಸುವುದು? ಆಗ ಎಲ್ಲಕ್ಕಿಂತ ಕತ್ತಲೆಯಲ್ಲಿದ್ದದ್ದು ಜೀವಕೋಶದ ಪೊರೆಯೊಳಗಿನ ಪ್ರೋಟೀನುಗಳು. ನೀರಿನಲ್ಲಿ ಕರಗುವುದಿಲ್ಲ, ಸ್ಫಟಿಕವೂ ಸುಲಭಕ್ಕೆ ಆಗುವುದಿಲ್ಲ. ಅವುಗಳಲ್ಲಿ ರೆಟಿನಾಲ್ (retinal, ಎ ಜೀವಸತ್ವದಿಂದ ಬರುವ, ಬೆಳಕು ಹೀರುವ ಅಣು) ಹೊತ್ತ ಪ್ರೋಟೀನುಗಳಿಗೆ ಒಂದು ದೊಡ್ಡ ಅನುಕೂಲ ಇದೆ: ಬಣ್ಣ. ಪ್ರೋಟೀನ್ ಸರಿಯಾಗಿ ಮಡಚಿಕೊಂಡರೆ ಬಣ್ಣ ಬರುತ್ತದೆ, ತಪ್ಪಿದರೆ ಬರುವುದಿಲ್ಲ. ಒಂದು ಅಮೈನೊ ಆಮ್ಲ ಬದಲಾದರೆ ಬಣ್ಣವೇ ಸರಿದು ಸುದ್ದಿ ಹೇಳುತ್ತದೆ. ಇಂಥ ಅಳತೆಗೋಲು ಬೇರೆ ಪ್ರೋಟೀನಿನಲ್ಲಿ ಸಿಗುವುದು ಕಷ್ಟ. ಸೆಮಿನಾರಿನಲ್ಲಿ ಈ ಒಂದು ಮಾತನ್ನು ಮುಂದಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಜೋಡಿಕೊಳ್ಳುತ್ತದೆ.

ಮಂಡ್ಯ ಮೇಷ್ಟ್ರು:
ಲ್ಯಾಬ್ ಸಾರ್ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಉದ್ದನೆಯ ಡಿಎನ್‌ಎಯನ್ನು ಒಂದೇ ಸಲಕ್ಕೆ ಯಾಕೆ ಕಟ್ಟುವುದಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಪ್ರತಿ ಜೋಡಣೆ 95% ಯಶಸ್ವಿ ಎಂದುಕೊಳ್ಳಿ. 20 ಅಕ್ಷರದ ತುಂಡಿಗೆ 19 ಜೋಡಣೆ, ಪೂರ್ತಿ ಉದ್ದದ್ದು ಸುಮಾರು 38% ಉಳಿಯುತ್ತದೆ. 60 ಅಕ್ಷರಕ್ಕೆ ಹೋದರೆ 5%ಕ್ಕೂ ಕಡಿಮೆ. ಅದಕ್ಕೇ ಚಿಕ್ಕ ತುಂಡುಗಳನ್ನು ಮಾಡಿ, ಶುದ್ಧಮಾಡಿ, ಕೈನೇಸ್ ಕಿಣ್ವದಿಂದ 5' ತುದಿಗೆ ಫಾಸ್ಫೇಟ್ ಹಾಕಿ, ಒಂದರ ಮೇಲೊಂದು ಹಾಯುವಂತೆ ಜೋಡಿಸಿ, ಲೈಗೇಸ್‌ನಿಂದ ಬೆಸೆಯುವುದು. ಕೈನೇಸ್ ಹಂತ ಸರಿಯಾಗದಿದ್ದರೆ ಲೈಗೇಸ್ ಎಷ್ಟು ಸುರಿದರೂ ಬೆಸುಗೆ ಬೀಳದು. ಚಾಚಿದ ತುದಿ ತನಗೆ ತಾನೇ ಪೂರಕವಾಗಿದ್ದರೆ ಎರಡು ಒಂದೇ ಬಗೆಯ ತುಂಡು ಬೆನ್ನಿಗೆ ಬೆನ್ನು ಅಂಟಿಕೊಳ್ಳುತ್ತವೆ. ಆದ್ದರಿಂದ ಪ್ರತಿ ತುದಿಯೂ ಬೇರೆ ಬೇರೆ ಇರುವಂತೆ ಮೊದಲೇ ಕಾಗದದ ಮೇಲೆ ನೋಡಿಕೊಳ್ಳಬೇಕು.

ಸರಸ್ವತಿಪುರಂ ಲ್ಯಾಬ್:
ಸರಿಯಾಗಿ ಹೇಳಿದ್ರಿ ಮೇಷ್ಟ್ರೇ. ಅದನ್ನೇ ಹಿಡಿದು 1986ಕ್ಕೆ ಬರೋಣ. ಖೊರಾನ ಅವರ ಇಡೀ ಬದುಕಿನಲ್ಲಿ ಜನ ಅತಿ ಕಡಿಮೆ ಗಮನಿಸಿದ ದೊಡ್ಡ ಕೆಲಸ ಇದು ಎಂಬುದು ನನ್ನ ಅಭಿಪ್ರಾಯ. ಹಸುವಿನ ರೊಡಾಪ್ಸಿನ್ ಜೀನನ್ನು ನೇಥನ್ಸ್ ಮತ್ತು ಹಾಗ್ನೆಸ್ 1983ರಲ್ಲೇ ಬೇರ್ಪಡಿಸಿದ್ದರು. ಸಿದ್ಧವಾಗಿದ್ದ ಜೀನ್ ಬಿಟ್ಟು ಎಂಐಟಿಯ ಗುಂಪು 1057 ಜೋಡಿಯ ಜೀನನ್ನು ಹೊಸದಾಗಿ ಕಟ್ಟಿತು. ಯಾಕೆ?

ಉತ್ತರ ಕೋಡಾನಿನ ಸಡಿಲಿಕೆಯಲ್ಲಿದೆ. ಒಂದೇ ಅಮೈನೊ ಆಮ್ಲಕ್ಕೆ ಹಲವು ಕೋಡಾನ್ ಇವೆ. ಉದಾಹರಣೆಗೆ ಗ್ಲುಟಮಿಕ್ ಆಮ್ಲ, ಫಿನೈಲ್‌ಅಲನಿನ್ ಪಕ್ಕಪಕ್ಕ ಇದ್ದರೆ ಜಿಎಜಿ ಟಿಟಿಟಿ ಎಂದೂ ಬರೆಯಬಹುದು, ಜಿಎಎ ಟಿಟಿಸಿ ಎಂದೂ ಬರೆಯಬಹುದು. ಎರಡನೆಯ ರೀತಿ ಬರೆದರೆ ಅಲ್ಲಿ ಈಕೊ-ಆರ್-1 ಎಂಬ ಕಿಣ್ವ ಕತ್ತರಿಸುವ ಜಾಗ ಸೃಷ್ಟಿಯಾಗುತ್ತದೆ. ಗ್ಲೈಸಿನ್, ಸೆರಿನ್ ಜೋಡಿಯನ್ನು ಜಿಜಿಎ ಟಿಸಿಸಿ ಎಂದು ಬರೆದರೆ ಬಾಮ್-ಹೆಚ್-1 ಜಾಗ. ಪ್ರೋಟೀನ್ ಒಂದಿಷ್ಟೂ ಬದಲಾಗುವುದಿಲ್ಲ. ಹೀಗೆ ಇಡೀ ಜೀನಿನ ಉದ್ದಕ್ಕೂ, ಒಂದು ಕಿಣ್ವ ಒಂದೇ ಕಡೆ ಕತ್ತರಿಸುವಂತೆ ಜಾಗಗಳನ್ನು ನೆಟ್ಟರು. ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ಅಲ್ಲಲ್ಲಿ ತೂಬು ಇಟ್ಟ ಹಾಗೆ. ಯಾವ ಗದ್ದೆಗೆ ನೀರು ಬೇಕೋ ಆ ತೂಬು ಮಾತ್ರ ಎತ್ತಿದರಾಯಿತು, ಇಡೀ ನಾಲೆ ತೋಡಬೇಕಾಗಿಲ್ಲ.

ಬದಲಾವಣೆ ಮಾಡುವ ಕ್ರಮ ಹೀಗೆ. ಬೇಕಾದ ಕೋಡಾನಿನ ಎರಡೂ ಪಕ್ಕದ ಎರಡು ಕಿಣ್ವಗಳಿಂದ ಪ್ಲಾಸ್ಮಿಡ್ (ಜೀನ್ ಹೊತ್ತ ಉಂಗುರದಂಥ ಡಿಎನ್‌ಎ) ಕತ್ತರಿಸಿ. ನಡುವಿನ ಚಿಕ್ಕ ತುಂಡನ್ನು ಜೆಲ್‌ನಲ್ಲಿ ಬೇರ್ಪಡಿಸಿ ಬಿಡಿ, ದೊಡ್ಡ ತುಂಡನ್ನು ಕತ್ತರಿಸಿ ಇಟ್ಟುಕೊಳ್ಳಿ. ಬದಲಾದ ಕೋಡಾನ್ ಇರುವ ಎರಡು ಎಳೆಗಳನ್ನು ಸಂಶ್ಲೇಷಿಸಿ, ಬಿಸಿ ಮಾಡಿ ನಿಧಾನವಾಗಿ ಆರಿಸಿ ಜೋಡಿ ಮಾಡಿ, ಆ ಖಾಲಿ ಜಾಗಕ್ಕೆ ಬೆಸೆಯಿರಿ. ಇಲ್ಲಿ ಕೆಡುವುದು ಮೂರು ಕಡೆ. ಒಂದೇ ಕಿಣ್ವ ಕತ್ತರಿಸಿ ಇನ್ನೊಂದು ಕತ್ತರಿಸದಿದ್ದರೆ ಹಳೆಯ ಪ್ಲಾಸ್ಮಿಡ್ಡೇ ಮತ್ತೆ ಕೂಡಿಕೊಂಡು ಹೆಚ್ಚಿನ ಕಾಲೊನಿ ಅದರದ್ದೇ ಆಗುತ್ತವೆ. ಜೆಲ್ ಶುದ್ಧೀಕರಣದಲ್ಲಿ ಸೋಮಾರಿತನ ಮಾಡಿದರೂ ಅದೇ ಗತಿ. ಮೂರನೆಯದು, ಸಂಶ್ಲೇಷಿತ ಎಳೆಯಲ್ಲಿ ಒಂದಕ್ಷರ ಬಿಟ್ಟುಹೋಗಿ ಓದುವ ಚೌಕಟ್ಟೇ ಜಾರುವುದು. ಅದಕ್ಕೆ ಬದಲಾಯಿಸಿದ ಕೋಡಾನ್ ಮಾತ್ರ ನೋಡಿದರೆ ಸಾಲದು, ಹೊಸದಾಗಿ ಕೂರಿಸಿದ ಇಡೀ ತುಂಡನ್ನು ಒಂದು ಬೆಸುಗೆಯಿಂದ ಇನ್ನೊಂದು ಬೆಸುಗೆಯವರೆಗೆ ಸೀಕ್ವೆನ್ಸ್ ಮಾಡಿಸಬೇಕು.

ಗಂಗೋತ್ರಿ ಎಂಎಸ್ಸಿ:
ತುಂಬಾ ಉಪಕಾರವಾಯ್ತು ಸಾರ್. ಜೀನ್ ಸಿದ್ಧವಾಯಿತು, ಆಮೇಲೆ ಪ್ರೋಟೀನ್ ಎಲ್ಲಿಂದ? ಬ್ಯಾಕ್ಟೀರಿಯಾದಲ್ಲೇ ಮಾಡಿಸಬಹುದಿತ್ತಲ್ವಾ?

ಕುಕ್ಕರಹಳ್ಳಿ ಏರಿ:
ಬ್ಯಾಕ್ಟೀರಿಯಾ ಸಕ್ಕರೆ ಸರಪಳಿ ಹಾಕುವುದಿಲ್ಲ ತಮ್ಮಾ. ರೊಡಾಪ್ಸಿನ್ನಿಗೆ 2 ಮತ್ತು 15ನೇ ಆಸ್ಪರಜಿನ್ ಮೇಲೆ ಸಕ್ಕರೆ ಬೇಕು, 110 ಮತ್ತು 187ನೇ ಸಿಸ್ಟೀನುಗಳ ನಡುವೆ ಡೈಸಲ್ಫೈಡ್ ಕೊಂಡಿ ಬೀಳಬೇಕು. ಆದ್ದರಿಂದ ಕೋತಿಯ ಮೂತ್ರಪಿಂಡದಿಂದ ಬಂದ ಕಾಸ್-1 ಕೋಶಗಳಿಗೆ ಹೋದರು. ಅವುಗಳಲ್ಲಿ ಎಸ್‌ವಿ-40 ವೈರಸ್ಸಿನ ಟಿ-ಆಂಟಿಜನ್ ಎಂಬ ಪ್ರೋಟೀನ್ ಮೊದಲೇ ಇದೆ. ಆ ವೈರಸ್ಸಿನ ಡಿಎನ್‌ಎ ಪ್ರತಿಯಾಗಲು ಶುರುವಾಗುವ ಆರಂಭಬಿಂದು ಇರುವ ಪ್ಲಾಸ್ಮಿಡ್ ಒಳಗೆ ಹೋದರೆ ಪ್ರತಿಗಳು ಬಹಳವಾಗುತ್ತವೆ.

ಮುಂದಿನ ಕ್ರಮವನ್ನು 1987ರಲ್ಲಿ ಪ್ರಕಟಿಸಿದರು. ಸ್ಥೂಲವಾಗಿ ಹೀಗಿದೆ: ಪ್ಲಾಸ್ಮಿಡ್ ಸೇರಿಸಿ ಎರಡು-ಮೂರು ದಿನ ಬಿಟ್ಟು ಕೋಶಗಳನ್ನು ಕೆರೆದು ತೆಗೆಯುವುದು. ಇಲ್ಲಿಂದ ಎಲ್ಲವೂ ಕತ್ತಲೆಯಲ್ಲಿ, ಮಂದ ಕೆಂಪು ದೀಪದಲ್ಲಿ. 11-ಸಿಸ್ ರೆಟಿನಾಲ್ (ಬಾಗಿದ ರೂಪದ ರೆಟಿನಾಲ್) ಸೇರಿಸಿ ತಣ್ಣಗೆ ಹಲವು ಗಂಟೆ ತಿರುಗಿಸುವುದು. ಆಮೇಲೆ 1% ಡೋಡೆಸೈಲ್ ಮಾಲ್ಟೊಸೈಡ್ ಡಿಟರ್ಜೆಂಟಿನಲ್ಲಿ ಪೊರೆ ಕರಗಿಸುವುದು. ರೋ-1ಡಿ4 ಎಂಬ ಪ್ರತಿಕಾಯ ಅಂಟಿಸಿದ ಮಣಿಗಳಿಗೆ ಪ್ರೋಟೀನ್ ಹಿಡಿಸಿ, 0.1% ಡಿಟರ್ಜೆಂಟಿನಲ್ಲಿ ತೊಳೆಯುವುದು. ಈ ಪ್ರತಿಕಾಯ ರಾಬರ್ಟ್ ಮೋಲ್ಡೇ ಅವರ ಲ್ಯಾಬಿನದು, ರೊಡಾಪ್ಸಿನ್ನಿನ ಬಾಲದ ತುದಿಯ ಕೆಲವೇ ಅಮೈನೊ ಆಮ್ಲಗಳನ್ನು ಗುರುತಿಸುತ್ತದೆ. ಅದೇ ಬಾಲದ ಪೆಪ್ಟೈಡನ್ನು ಸುರಿದರೆ ಪ್ರತಿಕಾಯ ಪೆಪ್ಟೈಡಿಗೆ ಅಂಟಿಕೊಂಡು ಪ್ರೋಟೀನನ್ನು ಬಿಟ್ಟುಕೊಡುತ್ತದೆ. ಆಮ್ಲ ಬೇಡ, ಕ್ಷಾರ ಬೇಡ, ಆದ್ದರಿಂದ ಮಡಿಕೆ ಕೆಡುವುದಿಲ್ಲ.

ಕ್ರಮ ಹಿಂದುಮುಂದಾಗಬಾರದು. ರೆಟಿನಾಲ್ ಇಲ್ಲದ ಬರಿಯ ಆಪ್ಸಿನ್ ಡಿಟರ್ಜೆಂಟಿನಲ್ಲಿ ಬೇಗ ಕುಸಿಯುತ್ತದೆ. ಮೊದಲು ರೆಟಿನಾಲ್, ಆಮೇಲೆ ಡಿಟರ್ಜೆಂಟ್. ಇನ್ನೊಂದು: 11-ಸಿಸ್ ಸುಲಭವಾಗಿ ಮಾರಾಟಕ್ಕೆ ಸಿಗುವುದಿಲ್ಲ, 9-ಸಿಸ್ ಸಿಗುತ್ತದೆ. ಅದೂ ಅದೇ ಜಾಗದಲ್ಲಿ ಕೂರುತ್ತದೆ, ಆದರೆ ಬೆಳಕು ಹೀರುವಿಕೆಯ ಶಿಖರ 500ರಲ್ಲಲ್ಲ, ಸುಮಾರು 485 ನ್ಯಾನೊಮೀಟರಿನಲ್ಲಿ ಬರುತ್ತದೆ. ಇದು ಗೊತ್ತಿಲ್ಲದಿದ್ದರೆ ಮ್ಯುಟೇಶನ್ನಿನಿಂದ ಬಣ್ಣ ಸರಿಯಿತು ಎಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಮಂಡ್ಯ ಮೇಷ್ಟ್ರು:
ಏರಿ ಮೇಡಂ, ಸಿಕ್ಕ ಪ್ರೋಟೀನ್ ಒಳ್ಳೆಯದೋ ಅಲ್ಲವೋ ಅಂತ ಹೇಗೆ ತೀರ್ಮಾನಿಸುವುದು? 280 ಮತ್ತು 500 ನ್ಯಾನೊಮೀಟರಿನಲ್ಲಿ ಬೆಳಕು ಹೀರುವಿಕೆಯ ಅನುಪಾತ 2 ಬಂದರೆ ಒಪ್ಪಿಕೊಳ್ಳಬಹುದು ಎಂದು ಕೆಲವರು ಹೇಳುತ್ತಾರೆ.

ಕುಕ್ಕರಹಳ್ಳಿ ಏರಿ:
ಅನುಪಾತ ಒಂದನ್ನೇ ನಂಬಿಕೊಂಡು ಒಪ್ಪಬಾರದು ಮೇಷ್ಟ್ರೇ. 280ರಲ್ಲಿ ಎಲ್ಲ ಪ್ರೋಟೀನೂ ಬೆಳಕು ಹೀರುತ್ತದೆ, 500ರಲ್ಲಿ ರೆಟಿನಾಲ್ ಸರಿಯಾಗಿ ಕೂತ ರೊಡಾಪ್ಸಿನ್ ಮಾತ್ರ. ಶುದ್ಧವಾದ ಸಹಜ ರೊಡಾಪ್ಸಿನ್ನಿಗೆ ಅನುಪಾತ 1.6ರಿಂದ 1.7. 2 ಬಂದರೆ ಒಂದೋ ಬೇರೆ ಪ್ರೋಟೀನಿನ ಕೊಳೆ, ಇಲ್ಲವೋ ರೆಟಿನಾಲ್ ಹಿಡಿಯದ ಕೆಟ್ಟ ಆಪ್ಸಿನ್, ಇಲ್ಲವೋ ಎಲ್ಲೋ ಬೆಳಕು ಬಿದ್ದಿದೆ. ಜೇಬಿನಲ್ಲಿ ಮೊಬೈಲ್ ಬೆಳಗಿದರೂ ಸಾಕು. ಮೂರರಲ್ಲಿ ಯಾವುದು ಎಂದು ತಿಳಿಯಲು ಬೇರೆ ಪರೀಕ್ಷೆಗಳಿವೆ.

ಒಂದು, ಸಾಂದ್ರತೆ: 500ರಲ್ಲಿ ಮೋಲಾರ್ ಗುಣಾಂಕ 40,600. 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ಹೀರುವಿಕೆ 0.1 ಬಂದರೆ ಸುಮಾರು 2.5 ಮೈಕ್ರೊಮೋಲಾರ್, ಅಂದರೆ ಮಿಲಿಲೀಟರಿಗೆ ಸುಮಾರು 0.1 ಮಿಲಿಗ್ರಾಂ. ಎರಡು, 495 ನ್ಯಾನೊಮೀಟರಿಗಿಂತ ಉದ್ದದ ಹಳದಿ ಬೆಳಕನ್ನು ಅರ್ಧ ನಿಮಿಷ ಬಿಟ್ಟರೆ 500ರ ಶಿಖರ ಇಳಿದು 380ರಲ್ಲಿ ಏಳಬೇಕು. ಇದು ಮೆಟಾ-2, ಕೋಶದೊಳಗೆ ಸುದ್ದಿ ಸಾಗಿಸುವ ಜಿ-ಪ್ರೋಟೀನನ್ನು ಎಬ್ಬಿಸುವ ರೂಪ. ಬಿಳಿ ಬೆಳಕು ಬಿಟ್ಟರೆ ಹುಟ್ಟಿದ ಮೆಟಾ-2 ಕೂಡ ಬೆಳಕು ಹೀರಿ ಚಿತ್ರ ಕಲಸಿಹೋಗುತ್ತದೆ, ಅದಕ್ಕೇ ಫಿಲ್ಟರ್ ಕಡ್ಡಾಯ. ಮೂರು, ಆಮ್ಲ ಹಾಕಿ ಪಿಹೆಚ್ 2ರ ಹತ್ತಿರ ಇಳಿಸಿ. ರೆಟಿನಾಲ್ ಇನ್ನೂ ಪ್ರೋಟೀನಿಗೆ ಅಂಟಿಕೊಂಡಿದ್ದರೆ ಶಿಖರ 440ಕ್ಕೆ ಬರುತ್ತದೆ, ಕಳಚಿಕೊಂಡಿದ್ದರೆ 380ರ ಆಸುಪಾಸಿನಲ್ಲೇ ಉಳಿಯುತ್ತದೆ. ನಾಲ್ಕು, ತಟಸ್ಥ ಪಿಹೆಚ್‌ನ ಹೈಡ್ರಾಕ್ಸಿಲ್ಅಮೈನ್ ಹಾಕಿ ಕತ್ತಲೆಯಲ್ಲಿಡಿ. ಸಹಜ ರೊಡಾಪ್ಸಿನ್ ಜಗ್ಗುವುದಿಲ್ಲ. ಒಳಗಿನ ಗೂಡು ಸಡಿಲವಾದ ಮ್ಯುಟೆಂಟ್ ಆದರೆ 500 ಕರಗಿ 365ರ ಹತ್ತಿರ ಆಕ್ಸೈಮ್ ಶಿಖರ ಏಳುತ್ತದೆ.

ಇದೇ ಪರೀಕ್ಷೆಗಳಿಂದ ಸಿಕ್ಕ ಅತಿ ಚೆಂದದ ಫಲ 1989ರದು. ರೆಟಿನಾಲ್ 296ನೇ ಲೈಸಿನ್ನಿಗೆ ಅಂಟಿದಾಗ ಆ ಕೊಂಡಿಯಲ್ಲಿ ಧನಾವೇಶ ಇರುತ್ತದೆ. ಕೊಬ್ಬಿನ ಪೊರೆಯ ನಡುವೆ ಒಂಟಿ ಧನಾವೇಶ ನಿಲ್ಲುವುದು ಕಷ್ಟ, ಎದುರಿಗೆ ಋಣಾವೇಶ ಇರಲೇಬೇಕು. ಅದು ಯಾವ ಅಮೈನೊ ಆಮ್ಲ? ಸಕ್ಮಾರ್, ಫ್ರಾಂಕೆ ಮತ್ತು ಖೊರಾನ 113ನೇ ಗ್ಲುಟಮಿಕ್ ಆಮ್ಲವನ್ನು ಗ್ಲುಟಮಿನ್ ಮಾಡಿದರು. 500ರ ಬಣ್ಣ ಹೋಗಿ 380ಕ್ಕೆ ಬಂತು, ಪಿಹೆಚ್ ಇಳಿಸಿದರೆ ಮತ್ತೆ 490ರ ಕಡೆಗೆ ಹೋಯಿತು. ಉತ್ತರ 113. 2000ದಲ್ಲಿ ರೊಡಾಪ್ಸಿನ್ನಿನ ಸ್ಫಟಿಕ ರಚನೆ ಬಂದಾಗ ಆ ಗ್ಲುಟಮಿಕ್ ಆಮ್ಲ ರೆಟಿನಾಲ್ ಕೊಂಡಿಯ ಎದುರೇ ಕೂತಿತ್ತು. ಸ್ಫಟಿಕಕ್ಕಿಂತ 11 ವರ್ಷ ಮೊದಲು ಬರಿಯ ಬಣ್ಣ ನೋಡಿ ಹೇಳಿದ ಮಾತು ಅದು.

ಸರಸ್ವತಿಪುರಂ ಲ್ಯಾಬ್:
1996ರದ್ದನ್ನೂ ಸೇರಿಸಿ. ಬೆಳಕು ಬಿದ್ದಾಗ ಪ್ರೋಟೀನಿನ ಯಾವ ಭಾಗ ಅಲುಗುತ್ತದೆ? ಲಾಸ್ ಏಂಜಲಿಸ್‌ನ ಹಬ್ಬೆಲ್ ಗುಂಪಿನ ಜೊತೆ ಸೇರಿ, ಪೊರೆ ಹಾಯುವ ಏಳು ಸುರುಳಿಗಳಲ್ಲಿ ಮೂರನೇ ಮತ್ತು ಆರನೆಯವುಗಳ ತುದಿಗೆ ಒಂದೊಂದು ಸಿಸ್ಟೀನ್ ಇಟ್ಟು, ಅವಕ್ಕೆ ನೈಟ್ರಾಕ್ಸೈಡ್ ಗುರುತು ಅಂಟಿಸಿ, ಆ ಗುರುತಿನ ಒಂಟಿ ಇಲೆಕ್ಟ್ರಾನನ್ನು ಹಿಡಿಯುವ ಇಪಿಆರ್ ಯಂತ್ರದಲ್ಲಿ ಅಂತರ ನೋಡಿದರು. ಬೆಳಕು ಬಿದ್ದೊಡನೆ ಸುರುಳಿಗಳು ಒಂದರಿಂದೊಂದು ಸರಿದವು. ಎರಡನ್ನೂ ಡೈಸಲ್ಫೈಡ್‌ನಿಂದ ಕಟ್ಟಿಹಾಕಿದರೆ ಜಿ-ಪ್ರೋಟೀನ್ ಏಳಲೇ ಇಲ್ಲ. ಇಲ್ಲಿ ಎಚ್ಚರಿಕೆ: ಸಹಜವಾಗಿ ಹೊರಗೆ ಚಾಚಿರುವ 140 ಮತ್ತು 316ನೇ ಸಿಸ್ಟೀನುಗಳನ್ನು ಮೊದಲು ಸೆರಿನ್ ಮಾಡಿಬಿಡಬೇಕು. ಇಲ್ಲದಿದ್ದರೆ ಗುರುತು ಅಲ್ಲಿಗೂ ಅಂಟುತ್ತದೆ. ಸಂಶ್ಲೇಷಿತ ಜೀನ್ ಕೈಯಲ್ಲಿದ್ದುದರಿಂದಲೇ ಇಷ್ಟು ಮ್ಯುಟೆಂಟುಗಳನ್ನು ಸಾಲುಸಾಲಾಗಿ ಮಾಡಲು ಆಯಿತು.

ಶ್ರೀರಂಗಪಟ್ಟಣ ಆಪ್ಟೊಮೆಟ್ರಿ:
ರೋಗದ ಮಾತು ಬರುವುದಾದರೆ ಒಂದು ತಿದ್ದುಪಡಿ ಮೊದಲೇ ಹೇಳಿಬಿಡುತ್ತೇನೆ. 23ನೇ ಪ್ರೋಲಿನ್ ಜಾಗದಲ್ಲಿ ಹಿಸ್ಟಿಡಿನ್ ಬರುವ ಮ್ಯುಟೇಶನ್, ಸಿಸಿಸಿ ಹೋಗಿ ಸಿಎಸಿ, 1990ರಲ್ಲಿ ಡ್ರೈಜಾ ಗುಂಪು ರೆಟಿನೈಟಿಸ್ ಪಿಗ್ಮೆಂಟೋಸಾಗೆ (ದೃಷ್ಟಿ ನಿಧಾನವಾಗಿ ಹೋಗುವ ಆನುವಂಶಿಕ ಕಣ್ಣಿನ ರೋಗ) ಕಂಡುಹಿಡಿದದ್ದು. ಸೆಮಿನಾರುಗಳಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಅದು ಮುಖ್ಯವಾಗಿ ಅಮೆರಿಕದ ಕುಟುಂಬಗಳಲ್ಲಿ ಕಾಣುವಂಥದ್ದು, ಮೇಲಾಗಿ ತಂದೆ ಅಥವಾ ತಾಯಿ ಒಬ್ಬರಿಂದಲೇ ಬರುವ ಪ್ರಬಲ ರೀತಿಯದು. ನಮ್ಮ ಕಡೆ ಸೋದರಮಾವನಿಗೆ, ಅತ್ತೆಮಗನಿಗೆ ಕೊಡುವ ಮದುವೆಗಳಿಂದ ಹೆಚ್ಚು ಮೇಲೆ ಬರುವುದು ತಂದೆ ತಾಯಿ ಇಬ್ಬರಿಂದಲೂ ಬರಬೇಕಾದ ಅಪ್ರಬಲ ರೀತಿಯದು, ಅದಕ್ಕೆ ಕಾರಣವಾದ ಜೀನುಗಳು ಬೇರೆ ಬೇರೆ. ಸೆಮಿನಾರ್ ಕೇಳಿದವರು "ನಮ್ಮ ಮನೆಯಲ್ಲೂ ಇದೇ" ಎಂದುಕೊಳ್ಳಬಾರದು.

ಖೊರಾನ ಗುಂಪಿನ ನಿಜವಾದ ಕೊಡುಗೆ ಬೇರೆ. ಇಂಥ ಹಲವು ಮ್ಯುಟೇಶನ್ನುಗಳಲ್ಲಿ 110-187 ಕೊಂಡಿಯ ಬದಲು 185-187ರ ನಡುವೆ ತಪ್ಪು ಕೊಂಡಿ ಬೀಳುತ್ತದೆ ಎಂದು 2001ರಲ್ಲಿ ತೋರಿಸಿದರು. ಹಾಗೆ ತಪ್ಪಿ ಮಡಚಿಕೊಂಡ ಪ್ರೋಟೀನ್ ರೆಟಿನಾಲನ್ನು ಹಿಡಿಯುವುದೇ ಇಲ್ಲ.

ಇರುಳುಗಣ್ಣು ಅಂದರೆ ಎರಡು ಬೇರೆ ಸಂಗತಿ ಎಂಬುದನ್ನೂ ಬಿಡಿಸಿ ಹೇಳಿ. ಎ ಜೀವಸತ್ವದ ಕೊರತೆಯಲ್ಲಿ ಪ್ರೋಟೀನ್ ಸರಿ ಇದೆ, ರೆಟಿನಾಲ್ ಇಲ್ಲ, ಕೊಟ್ಟರೆ ಸರಿಹೋಗುತ್ತದೆ. ರೆಟಿನೈಟಿಸ್‌ನಲ್ಲಿ ಮಂದ ಬೆಳಕಿನಲ್ಲಿ ನೋಡುವ ದಂಡಕೋಶಗಳೇ ಸಾಯುತ್ತವೆ. ಮಕ್ಕಳಿಗೆ ಸರಕಾರಿ ಕಾರ್ಯಕ್ರಮದಲ್ಲಿ 9 ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ 5 ವರ್ಷದವರೆಗೆ 6 ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್, ಒಟ್ಟು 9 ಸಲ ಕೊಡುತ್ತಾರೆ. ಗರ್ಭಿಣಿಯರಿಗೆ ಇಂಥ ದೊಡ್ಡ ಪ್ರಮಾಣ ಕೊಡಲೇಬಾರದು, ಮಗುವಿಗೆ ಅಂಗದೋಷ ಬರಬಹುದು. ನುಗ್ಗೆಸೊಪ್ಪಿನ ಕ್ಯಾರೊಟಿನ್ ದೇಹಕ್ಕೆ ಇಳಿಯಲು ಎಣ್ಣೆ ಬೇಕು. ಬಸ್ಸಾರಿನ ಪಲ್ಯಕ್ಕೆ ಒಗ್ಗರಣೆ ಬಿಡಬೇಡಿ.

ಗಂಗೋತ್ರಿ ಎಂಎಸ್ಸಿ:
ಅಕ್ಕ, ಈ ವ್ಯತ್ಯಾಸ ಖಂಡಿತ ಹೇಳುತ್ತೇನೆ. ಇನ್ನು ನನ್ನ ಮೂರನೇ ಪ್ರಶ್ನೆ ಉಳಿಯಿತು. ಕೋಶ ಕೃಷಿ ನಮ್ಮಲ್ಲಿ ಆಗದು. ಬ್ಯಾಕ್ಟೀರಿಯೊರೊಡಾಪ್ಸಿನ್ ಆದರೂ ತೋರಿಸಬಹುದಾ? ಅದು ನಮ್ಮ ರೊಡಾಪ್ಸಿನ್ನಿನ ಪೂರ್ವಜ ಅಂತ ಹೇಳಬಹುದು ಅಲ್ವಾ?

ಮಂಡ್ಯ ಮೇಷ್ಟ್ರು:
ಪೂರ್ವಜ ಅನ್ನಬೇಡಿ. ಎರಡಕ್ಕೂ ಏಳು ಸುರುಳಿ, ಎರಡಕ್ಕೂ ಲೈಸಿನ್ ಮೇಲೆ ರೆಟಿನಾಲ್, ಅಷ್ಟೇ. ಅಮೈನೊ ಆಮ್ಲಗಳ ಸಾಲಿನಲ್ಲಿ ಹೋಲಿಕೆ ಕಾಣುವುದಿಲ್ಲ. ನಮ್ಮ ಕಣ್ಣಿನಲ್ಲಿ 11-ಸಿಸ್ ಬೆಳಕಿಗೆ ನೇರವಾಗಿ, ಕಡೆಗೆ ಕಳಚಿಕೊಂಡು ಹೋಗುತ್ತದೆ. ಬ್ಯಾಕ್ಟೀರಿಯೊರೊಡಾಪ್ಸಿನ್ನಿನಲ್ಲಿ ನೇರವಿದ್ದದ್ದು ಬಾಗಿ 13-ಸಿಸ್ ಆಗುತ್ತದೆ, ಕಳಚುವುದಿಲ್ಲ, ಮಿಲಿಸೆಕೆಂಡುಗಳಲ್ಲಿ ಮರಳಿ ಸಿದ್ಧವಾಗುತ್ತದೆ. ಪ್ರತಿ ಸುತ್ತಿಗೆ ಒಂದು ಪ್ರೋಟಾನ್ ಕೋಶದಿಂದ ಹೊರಗೆ. ಖೊರಾನ ಗುಂಪು 1979ರಲ್ಲಿ ಅದರ 248 ಅಮೈನೊ ಆಮ್ಲಗಳ ಸಾಲನ್ನು ಪ್ರಕಟಿಸಿತು. 1981ರಲ್ಲಿ ಅದನ್ನು ಪೂರ್ತಿ ಬಿಚ್ಚಿ, ಬಣ್ಣ ಕಳೆದು, ಮತ್ತೆ ಕೊಬ್ಬು, ರೆಟಿನಾಲ್ ಕೊಟ್ಟು ನೇರಳೆ ಬಣ್ಣ ಮರಳಿ ತಂದಿತು. ಮಡಿಕೆಯ ಮಾಹಿತಿ ಆ ಸಾಲಿನಲ್ಲೇ ಇದೆ ಎಂದು ಪೊರೆ ಪ್ರೋಟೀನಿನಲ್ಲಿ ತೋರಿಸಿದ್ದು ಚಿಕ್ಕ ವಿಷಯವಲ್ಲ.

ಸರಸ್ವತಿಪುರಂ ಲ್ಯಾಬ್:
ಕಾಲೇಜಿನಲ್ಲಿ ಖಂಡಿತ ಮಾಡಬಹುದು. ಅಧಿಕೃತ ಸೂಕ್ಷ್ಮಜೀವಿ ಸಂಗ್ರಹದಿಂದ ಹ್ಯಾಲೊಬ್ಯಾಕ್ಟೀರಿಯಂ ಸಲಿನಾರಂ ತರಿಸಿ. 1 ಲೀಟರ್ ಮಾಧ್ಯಮಕ್ಕೆ ಸೋಡಿಯಂ ಕ್ಲೋರೈಡ್ 250 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ (ಏಳು ನೀರಿನದು) 20 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 3 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 2 ಗ್ರಾಂ, ಪೆಪ್ಟೋನ್ 10 ಗ್ರಾಂ. ಪಿಹೆಚ್ 7ರ ಆಸುಪಾಸು. ಅಡುಗೆ ಉಪ್ಪು ಬೇಡ, ಗಂಟು ಕಟ್ಟದಿರಲು ಹಾಕಿದ ಪುಡಿಯಿಂದ ಮಾಧ್ಯಮ ಮಬ್ಬಾಗುತ್ತದೆ. ಬಹಳ ಜನ ಸೋಲುವುದು ಪೆಪ್ಟೋನಿನಲ್ಲಿ: ಕೆಲವು ಪೆಪ್ಟೋನುಗಳಲ್ಲಿ ಪಿತ್ತ ಲವಣಗಳಿರುತ್ತವೆ, ಅವು ಈ ಜೀವಿಯ ಪೊರೆಯನ್ನೇ ಒಡೆಯುತ್ತವೆ. ಒಂದು ಪೆಪ್ಟೋನಿನಲ್ಲಿ ಬೆಳೆಯದಿದ್ದರೆ ಉಳಿದದ್ದನ್ನೆಲ್ಲ ಬದಲಿಸುವ ಮೊದಲು ಪೆಪ್ಟೋನ್ ಬದಲಿಸಿ.

37ರಿಂದ 39 ಡಿಗ್ರಿಯಲ್ಲಿ ಮೊದಲು ಚೆನ್ನಾಗಿ ಅಲುಗಾಡಿಸಿ ಬೆಳೆಸಿ. ಮಾಧ್ಯಮ ದಟ್ಟವಾದ ಮೇಲೆ ಅಲುಗಾಟ ಕಡಿಮೆ ಮಾಡಿ ದೀಪ ಹಚ್ಚಿ. ಆಮ್ಲಜನಕ ಕಡಿಮೆಯಾದಾಗಲೇ ನೇರಳೆ ಪೊರೆ ಹೆಚ್ಚಾಗುವುದು. ಕೊನೆಯವರೆಗೂ ಗಾಳಿ ಕೊಟ್ಟರೆ ಬರೀ ಕಿತ್ತಳೆ ಕೆಂಪು ಉಳಿಯುತ್ತದೆ, ಅದು ಬೇರೆ ಕ್ಯಾರೊಟಿನಾಯ್ಡಿನ ಬಣ್ಣ. ಒಟ್ಟು ಸುಮಾರು ಒಂದು ವಾರ ಬೇಕು.

ಒಡೆಯುವುದು ಸುಲಭ: ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ, ಚಿಟಿಕೆ ಡಿಎನ್‌ಏಸ್ ಹಾಕಿ, ಡಿಸ್ಟಿಲ್ಡ್ ನೀರಿಗೆ ಬಿಡಿ. ಉಪ್ಪಿಲ್ಲದಿದ್ದರೆ ಅವು ತಾವಾಗಿಯೇ ಒಡೆಯುತ್ತವೆ. ಡಿಎನ್‌ಏಸ್ ಹಾಕದಿದ್ದರೆ ಎಲ್ಲ ಲೋಳೆಯಾಗಿ ಮುಂದೆ ಏನೂ ಸಾಗುವುದಿಲ್ಲ. ನಿಧಾನ ವೇಗದಲ್ಲಿ ಕಸ ತೆಗೆದು, ಮೇಲಿನ ದ್ರವವನ್ನು 50,000 ಜಿ ವೇಗದಲ್ಲಿ ತಿರುಗಿಸಿದರೆ ತಳದಲ್ಲಿ ನೇರಳೆ ಪದರ. ಮೇಲಿನ ನೀರು ಬಣ್ಣ ಕಳೆದುಕೊಳ್ಳುವವರೆಗೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ.

ಗಂಗೋತ್ರಿ ಎಂಎಸ್ಸಿ:
ಅಷ್ಟು ವೇಗದ ಸೆಂಟ್ರಿಫ್ಯೂಜ್ ಪದವಿ ಕಾಲೇಜುಗಳಲ್ಲಿ ಇಲ್ಲ ಸಾರ್. ಇಲ್ಲದೆ ಏನಾದರೂ?

ಕುಕ್ಕರಹಳ್ಳಿ ಏರಿ:
ಹಾಗಾದರೆ ಪೊರೆ ಬೇರ್ಪಡಿಸಬೇಡಿ, ಇಡೀ ಕೋಶಗಳನ್ನೇ ಬಳಸಿ. ಪೆಪ್ಟೋನ್ ಮತ್ತು ಸಿಟ್ರೇಟ್ ಬಿಟ್ಟು ಉಳಿದ ಅದೇ ಲವಣಗಳ ದ್ರಾವಣದಲ್ಲಿ ಎರಡು ಸಲ ತೊಳೆಯಿರಿ. ಬಫರ್ ಹಾಕಬಾರದು, ಹಾಕಿದರೆ ಪಿಹೆಚ್ ಬದಲಾವಣೆ ಕಾಣುವುದೇ ಇಲ್ಲ. ಸಿಟ್ರೇಟ್ ಬಿಡುವುದೂ ಇದಕ್ಕೇ. ಕತ್ತಲೆಯಲ್ಲಿ ಪಿಹೆಚ್ ಮೀಟರಿನ ಸೂಚಿ ನಿಲ್ಲುವವರೆಗೆ ಕಾಯಿರಿ, ನಿಧಾನವಾಗಿ ಕಲಕುತ್ತಿರಿ. ಪ್ರೊಜೆಕ್ಟರಿನ ಬೆಳಕನ್ನು ಹಳದಿ ಫಿಲ್ಟರ್ ಹಾಯಿಸಿ ಬಿಡಿ. ಮೊದಲು ಪಿಹೆಚ್ ತುಸು ಏರಬಹುದು, ಗಾಬರಿ ಬೇಡ, ಎಟಿಪಿ ಕಟ್ಟುವಾಗ ಪ್ರೋಟಾನ್ ಒಳಗೆ ಹೋಗುವುದರಿಂದ ಹಾಗೆ. ಆಮೇಲೆ ಇಳಿಯುತ್ತದೆ. ದೀಪ ಆರಿಸಿದರೆ ಹಿಂದಕ್ಕೆ ಬರುತ್ತದೆ.

ದೀಪಕ್ಕೂ ಬೀಕರಿಗೂ ನಡುವೆ ನೀರು ತುಂಬಿದ ಚಪ್ಪಟೆ ಗಾಜಿನ ಪಾತ್ರೆ ಇಡಿ, ಶಾಖ ತಡೆಯಲು. ಕುದಿಸಿ ಆರಿಸಿದ ಕೋಶಗಳ ಇನ್ನೊಂದು ಬೀಕರನ್ನು ಅದೇ ದೀಪದ ಕೆಳಗೆ ಪಕ್ಕದಲ್ಲಿಟ್ಟು ಅಳೆಯಿರಿ. ಅಲ್ಲೂ ಸೂಚಿ ಅಷ್ಟೇ ಇಳಿದರೆ ನೀವು ನೋಡುತ್ತಿರುವುದು ಬಿಸಿಯನ್ನು, ಪ್ರೋಟಾನನ್ನಲ್ಲ. ಮೀಟರಿನ ಎಲೆಕ್ಟ್ರೋಡ್ ಇಷ್ಟು ಉಪ್ಪಿನಲ್ಲಿ ತೋರಿಸುವ ಸಂಖ್ಯೆ ನಿಜವಾದ ಪಿಹೆಚ್ ಅಲ್ಲ. ಆದ್ದರಿಂದ ಬೋರ್ಡಿನ ಮೇಲೆ ವ್ಯತ್ಯಾಸವನ್ನು ಮಾತ್ರ ಬರೆಯಿರಿ, ಸಂಖ್ಯೆಯನ್ನಲ್ಲ.